ಮಲಗಿದ ಬೆಕ್ಕಿನ ಉಸಿರೆಣಿಕೆ

ಹೃದಯ ಸೋತ ನಾಯಿ ಕೆಮ್ಮುತ್ತದೆ, ವಾಕಿಂಗಿಗೆ ಹೊರಟರೆ ಅರ್ಧ ದಾರಿಗೇ ಕೂತುಬಿಡುತ್ತದೆ. ಮನೆಯವರಿಗೆ ಏನೋ ಒಂದು ಸುಳಿವು ಸಿಗುತ್ತದೆ. ಬೆಕ್ಕು ಅಂಥ ಉಪಕಾರ ಮಾಡುವುದಿಲ್ಲ. ಅದನ್ನು ಯಾರೂ ವಾಕಿಂಗಿಗೆ ಕರೆದೊಯ್ಯುವುದಿಲ್ಲ. ಹೃದಯದ ತೊಂದರೆಗೆ ಅದು ಕೆಮ್ಮುವುದೂ ಅಪರೂಪ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿಯೇ ಕಳೆಯುವ ಪ್ರಾಣಿ ಇನ್ನೊಂದೆರಡು ಗಂಟೆ ಜಾಸ್ತಿ ಮಲಗಿದರೆ ಯಾರಿಗೆ ಗೊತ್ತಾಗಬೇಕು? ಬೀರುವಿನ ಮೇಲಕ್ಕೆ ಹಾರುವುದನ್ನು ಬಿಟ್ಟು ಸೋಫಾದಲ್ಲೇ ಉಳಿದರೆ ‘ವಯಸ್ಸಾಯ್ತು ಬಿಡಿ’ ಅನ್ನುತ್ತೇವೆ. ಬೇಟೆಯಾಡಿ ಬದುಕಿದ, ತನಗಿಂತ ದೊಡ್ಡದಕ್ಕೆ ಬೇಟೆಯಾಗುವ ಭಯದಲ್ಲೂ ಬದುಕಿದ ಸಣ್ಣ ಪ್ರಾಣಿಯ ಕುಲ ಅದು. ಸೋತಿದ್ದೇನೆಂದು ತೋರಿಸಿಕೊಳ್ಳುವುದು ಅದಕ್ಕೆ ಒಗ್ಗದು. ಹೀಗಾಗಿ ಒಂದು ರಾತ್ರಿ ಬಾಯಿ ತೆರೆದು ಏದುಸಿರು ಬಿಡುತ್ತಿರುವ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಆಟೋ ಹುಡುಕುವ ಹೊತ್ತಿಗೆ, ಕಾಯಿಲೆ ಅದರ ಎದೆಯೊಳಗೆ ಸೇರಿ ಎಷ್ಟೋ ಕಾಲವಾಗಿರುತ್ತದೆ.

ಹೆಚ್ಚಿನ ಸಲ ಆ ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ವೈದ್ಯರೂ ಸೇರಿದಂತೆ ಎಲ್ಲರೂ ಎಚ್‌ಸಿಎಂ ಎಂದು ಮೊಟಕು ಮಾಡಿಕೊಂಡಿದ್ದಾರೆ. ಬೆಕ್ಕುಗಳ ಹೃದ್ರೋಗಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಎಷ್ಟು ಸಾಮಾನ್ಯ ಎಂದರೆ, ಇಂಗ್ಲೆಂಡಿನ ಸಂಶೋಧಕರು ದತ್ತು ಹೋಗಲು ಕಾದಿದ್ದ, ನೋಡುವುದಕ್ಕೆ ಆರೋಗ್ಯವಾಗಿಯೇ ಇದ್ದ 780 ಬೆಕ್ಕುಗಳನ್ನು ಸ್ಕ್ಯಾನ್ ಮಾಡಿದಾಗ ಸುಮಾರು ಏಳರಲ್ಲಿ ಒಂದಕ್ಕೆ ಹೃದಯದ ಗೋಡೆ ದಪ್ಪವಾಗಿತ್ತು. ಆ ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ವಯಸ್ಸಾದ ಬೆಕ್ಕುಗಳಲ್ಲಂತೂ ಪ್ರಮಾಣ ಇನ್ನೂ ಹೆಚ್ಚು. ಇದನ್ನು ಓದಿದ ತಕ್ಷಣ ಪಕ್ಕದಲ್ಲಿ ಮಲಗಿರುವ ಬೆಕ್ಕಿನ ಎದೆ ಮುಟ್ಟಿ ನೋಡಬೇಕಾಗಿಲ್ಲ. ಗೋಡೆ ದಪ್ಪವಾದ ಬೆಕ್ಕುಗಳೆಲ್ಲ ಇದರಿಂದಲೇ ಸಾಯುವುದಿಲ್ಲ. ಹಲವು ದೇಶಗಳಲ್ಲಿ, ಲಕ್ಷಣಗಳೇನೂ ಕಾಣದ ಸಾವಿರಕ್ಕೂ ಹೆಚ್ಚು ಎಚ್‌ಸಿಎಂ ಬೆಕ್ಕುಗಳ ದಾಖಲೆ ಇಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೃದಯ ವೈಫಲ್ಯವೋ ರಕ್ತದ ಹೆಪ್ಪೋ ಕಾಡಿದ್ದು ಹತ್ತರಲ್ಲಿ ಮೂರಕ್ಕೆ. ಉಳಿದ ಏಳು ತಮ್ಮ ಪಾಡಿಗೆ ಇದ್ದವು. ಈ ಬರಹ ಆ ಮೂರರ ಜೊತೆ ಒಂದೇ ಸೂರಿನಡಿ ಇರುವವರಿಗೆ.

ಒಳಗೆ ಆಗುವುದಿಷ್ಟು. ಎಡ ಹೃತ್ಕುಕ್ಷಿಯ ಸ್ನಾಯು ಬೇಡದಿದ್ದರೂ ಬೆಳೆದು ದಪ್ಪವಾಗುತ್ತದೆ. ಬೆಕ್ಕಿನ ಹೃದಯದ ಗೋಡೆ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಕಡಿಮೆ. 6 ತಲುಪಿದರೆ ರೋಗವೆಂದು ಲೆಕ್ಕ. ಒಂದು ಮಿಲಿಮೀಟರಿನ ಅಂತರದಲ್ಲಿ ಆರೋಗ್ಯವೂ ಕಾಯಿಲೆಯೂ ಎದುರುಬದುರು ನಿಂತಿರುತ್ತವೆ. ದಪ್ಪಗಾದ ಸ್ನಾಯುವಿಗೆ ಹಿಂಡುವ ಶಕ್ತಿ ಕಡಿಮೆಯೇನಲ್ಲ, ಸಡಿಲಗೊಳ್ಳುವುದು ಅದಕ್ಕೆ ಬಾರದು. ಚರ್ಮ ಒಣಗಿ ಬಿರುಸಾದ ಕುಲುಮೆಯ ತಿದಿಯ ಹಾಗೆ: ಒತ್ತಬಹುದು, ಆದರೆ ಅದು ಅರಳಿ ಗಾಳಿ ಎಳೆದುಕೊಳ್ಳುವುದಿಲ್ಲ. ಒಳಗೆ ಜಾಗ ಸಾಲದೆ ರಕ್ತ ಹಿಂದಿನ ಕೋಣೆಯಾದ ಎಡ ಹೃತ್ಕರ್ಣದಲ್ಲಿ ನಿಲ್ಲುತ್ತದೆ. ಆ ಕೋಣೆ ಹಿಗ್ಗುತ್ತದೆ. ಇನ್ನೂ ಹಿಂದಕ್ಕೆ ಒತ್ತಡ ಏರಿದರೆ ಶ್ವಾಸಕೋಶದೊಳಗೆ ನೀರು ಜಿನುಗುತ್ತದೆ, ಇಲ್ಲವೇ ಶ್ವಾಸಕೋಶದ ಸುತ್ತ ಎದೆಗೂಡಿನಲ್ಲಿ ನೀರು ತುಂಬುತ್ತದೆ. ಮುಂದಿನ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದ. ಆದ್ದರಿಂದ ಎಕೋದ, ಎಂದರೆ ಹೃದಯದ ಸ್ಕ್ಯಾನಿನ, ವರದಿ ಕೈಗೆ ಬಂದಾಗ ಗೋಡೆಯ ದಪ್ಪವನ್ನಷ್ಟೇ ನೋಡಿ ಗಾಬರಿಯಾಗುವ ಬದಲು, ಹೃತ್ಕರ್ಣ ಹಿಗ್ಗಿದೆಯೇ ಎಂದು ವೈದ್ಯರನ್ನು ಕೇಳಬೇಕು. ಬೆಕ್ಕಿನ ಮುಂದಿನ ದಿನಗಳನ್ನು ಹೇಳುವುದು ಆ ಕೋಣೆಯ ಅಳತೆ.

ಕಾರಣ ಹುಡುಕಿದರೆ ವಂಶವಾಹಿಯ ಹತ್ತಿರ ಬಂದು ನಿಲ್ಲುತ್ತೇವೆ. ದೊಡ್ಡ ಗಾತ್ರದ, ಜೂಲುಮೈಯ ಮೇನ್ ಕೂನ್ ತಳಿಯಲ್ಲಿ ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಹರಿದು ಬರುವುದನ್ನು ಅಮೆರಿಕದ ಪಶುವೈದ್ಯರು 1999ರಲ್ಲಿ ದಾಖಲಿಸಿದರು. 2005ರಲ್ಲಿ ಸಂಶೋಧಕಿ ಕ್ಯಾಥ್ರಿನ್ ಮ್ಯೂರ್ಸ್ ಅವರ ತಂಡ ಅದರ ಮೂಲವನ್ನೂ ಹಿಡಿಯಿತು: ಹೃದಯಸ್ನಾಯುವಿನ ಒಂದು ಪ್ರೋಟೀನನ್ನು ಕಟ್ಟುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿತ್ತು. ಎರಡು ವರ್ಷದ ನಂತರ ರ್‍ಯಾಗ್‌ಡಾಲ್ ತಳಿಯಲ್ಲಿ ಅದೇ ವಂಶವಾಹಿಯ ಇನ್ನೊಂದು ತಪ್ಪು ಸಿಕ್ಕಿತು. ಇದು ಬೆಕ್ಕು ಸಾಕುವವರ ವಿಷಯ ಎಂದು ನಾವು ಪುಟ ತಿರುವುವ ಹಾಗಿಲ್ಲ. ಅದೇ ವಂಶವಾಹಿಯಲ್ಲಿ 25 ಅಕ್ಷರಗಳ ಒಂದು ತುಣುಕು ಕಾಣೆಯಾಗಿರುವುದು ಭಾರತ ಉಪಖಂಡದ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿ ಇದೆಯೆಂದೂ, ಅಂಥವರಿಗೆ ಹೃದಯ ಸೋಲುವ ಅಪಾಯ ಹೆಚ್ಚೆಂದೂ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡ ತಂಡ 2009ರಲ್ಲಿ ವರದಿ ಮಾಡಿತು. ಬೆಕ್ಕಿನ ಎದೆಯಲ್ಲೂ ನಮ್ಮ ಎದೆಯಲ್ಲೂ ಎಡವುವುದು ಒಂದೇ ಹೊಸ್ತಿಲಿಗೆ.

ಈಚೆಗೆ ನಮ್ಮ ನಗರಗಳಲ್ಲಿ ಪರ್ಷಿಯನ್, ಮೇನ್ ಕೂನ್ ಮರಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರು ಹೆಚ್ಚಾಗಿದ್ದಾರೆ. ಕೊಳ್ಳುವಾಗ ಕಣ್ಣಿನ ಬಣ್ಣ, ಮೂಗಿನ ಚಪ್ಪಟೆ ಎಲ್ಲ ಕೇಳುತ್ತಾರೆ. ಅಪ್ಪ ಅಮ್ಮನ ಹೃದಯದ ಸ್ಕ್ಯಾನ್ ಆಗಿದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಬೇಕು. ಹಾಗೆಂದು ಕೊಟ್ಟಿಗೆಯಲ್ಲಿ ಹುಟ್ಟಿದ ನಾಡಬೆಕ್ಕಿಗೆ ಇದು ಬಾರದು ಅಂದುಕೊಳ್ಳುವುದೂ ಭ್ರಮೆ. ಜಗತ್ತಿನಲ್ಲಿ ಈ ಕಾಯಿಲೆ ಹೊತ್ತಿರುವ ಬೆಕ್ಕುಗಳಲ್ಲಿ ಹೆಚ್ಚಿನವು ಯಾವ ತಳಿಗೂ ಸೇರದ ಸಾಧಾರಣ ಮನೆಬೆಕ್ಕುಗಳು. ಹೆಣ್ಣಿಗಿಂತ ಗಂಡಿಗೆ ಹೆಚ್ಚು.

ಕಂಡುಹಿಡಿಯುವುದು ಸುಲಭವಲ್ಲ. ಸ್ಟೆತಸ್ಕೋಪಿನಲ್ಲಿ ಮರ್ಮರ ಕೇಳಿಸಿದ ಬೆಕ್ಕಿಗೆ ಹೃದಯ ನೆಟ್ಟಗಿರಬಹುದು. ಏನೂ ಕೇಳಿಸದ ಬೆಕ್ಕಿಗೆ ಕಾಯಿಲೆ ಬಲಿತಿರಬಹುದು. ಗಟ್ಟಿ ಸಾಕ್ಷಿ ಎಂದರೆ ಎಕೋ. ಆದರೆ ಅದಕ್ಕೆ ಸಣ್ಣ ಹೃದಯಕ್ಕೆ ಹೊಂದುವ ಪ್ರೋಬ್ ಬೇಕು, ನಿಮಿಷಕ್ಕೆ ಇನ್ನೂರರ ಹತ್ತಿರ ಬಡಿಯುವ ಹೃದಯವನ್ನು ಪರದೆಯ ಮೇಲೆ ಓದಬಲ್ಲ ಕಣ್ಣು ಬೇಕು. ನಮ್ಮ ರಾಜ್ಯದ ಪಶುವೈದ್ಯ ವ್ಯವಸ್ಥೆ ಬೆಳೆದದ್ದೇ ಹಸು, ಎಮ್ಮೆ, ಕುರಿಗಳ ಸುತ್ತ. ಊರವರ ಬಾಯಲ್ಲಿ ಪಶುವೈದ್ಯರು ಇವತ್ತಿಗೂ ದನದ ಡಾಕ್ಟರು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಬೆಳಗಿನಿಂದ ಹತ್ತಾರು ಹಸುಗಳನ್ನು ನೋಡಿ ಮುಗಿಸುವ ಹೊತ್ತಿಗೆ, ಬುಟ್ಟಿಯಲ್ಲಿ ಬೆಕ್ಕು ಹಿಡಿದು ಬಂದು ಎಕೋ ಮಾಡಿಕೊಡಿ ಎಂದರೆ ಅದು ಅವರಿಗೆ ಮಾಡುವ ಅನ್ಯಾಯ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ದೊಡ್ಡ ನಗರಗಳಲ್ಲಿ ಖಾಸಗಿ ಆಸ್ಪತ್ರೆಗಳಿವೆ. ಒಂದು ಸಲವಾದರೂ ಅಂಥಲ್ಲಿಗೆ ಹೋಗಿ ಎಕೋ ಮಾಡಿಸಿ, ವರದಿಯನ್ನು ತಂದು ಊರಿನ ವೈದ್ಯರ ಕೈಗೆ ಕೊಟ್ಟರೆ ಮುಂದಿನ ದಾರಿ ಅವರಿಗೂ ಸಲೀಸು. ವಯಸ್ಸಾದ ಬೆಕ್ಕಾದರೆ ಥೈರಾಯ್ಡ್ ಮತ್ತು ರಕ್ತದೊತ್ತಡ ನೋಡಿಸದೆ ಬರಬೇಡಿ. ಇವೆರಡರಲ್ಲಿ ಯಾವುದು ಹೆಚ್ಚಾದರೂ ಹೃದಯದ ಗೋಡೆ ದಪ್ಪವಾಗುತ್ತದೆ, ಮತ್ತು ಇವೆರಡಕ್ಕೂ ಔಷಧಿ ಇದೆ.

ಇಲ್ಲಿ ಹಾಲನ್ನದ ಮಾತು ಬರಲೇಬೇಕು. ಎಚ್‌ಸಿಎಂ ಅಲ್ಲದ ಇನ್ನೊಂದು ಹೃದ್ರೋಗ ಇದೆ. ಅದರಲ್ಲಿ ಗೋಡೆ ತೆಳ್ಳಗಾಗಿ ಹೃದಯ ಜೋಲುತ್ತದೆ. ಒಂದು ಕಾಲಕ್ಕೆ ಅಮೆರಿಕದ ಮನೆಬೆಕ್ಕುಗಳು ಇದರಿಂದ ಸಾಲುಸಾಲಾಗಿ ಸಾಯುತ್ತಿದ್ದವು. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು, ಇದಕ್ಕೆ ಕಾರಣ ಆಹಾರದಲ್ಲಿ ಟಾರಿನ್ ಎಂಬ ಪೋಷಕಾಂಶದ ಕೊರತೆ ಎಂದು ತೋರಿಸಿದರು. ಟಾರಿನ್ ಕೊಟ್ಟರೆ ಸೋತ ಹೃದಯ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಹೃದ್ರೋಗದ ಚರಿತ್ರೆಯಲ್ಲಿ ಇಂಥ ಸಿಹಿಸುದ್ದಿ ಅಪರೂಪ. ಅಂಗಡಿಯ ಬೆಕ್ಕಿನ ಆಹಾರಕ್ಕೆಲ್ಲ ಟಾರಿನ್ ಸೇರಿಸತೊಡಗಿದ ಮೇಲೆ ಆ ಕಾಯಿಲೆ ಅಲ್ಲಿ ಬಹುತೇಕ ಮಾಯವಾಯಿತು. ಟಾರಿನ್ ಇರುವುದು ಮಾಂಸದಲ್ಲಿ, ಮೀನಿನಲ್ಲಿ. ಅನ್ನದಲ್ಲಿ ಇಲ್ಲ, ಹಾಲು ಮೊಸರಿನಲ್ಲಿ ಇರುವುದು ಬೆಕ್ಕಿಗೆ ಸಾಲದು. ಬಯಲಿನಲ್ಲಿ ಓಡಾಡುವ ಹಳ್ಳಿಯ ಬೆಕ್ಕು ಮನೆಯಲ್ಲಿ ಹಾಲನ್ನ ತಿಂದು, ಉಳಿದದ್ದನ್ನು ಇಲಿ ಓತಿಕ್ಯಾತಗಳಿಂದ ತುಂಬಿಸಿಕೊಳ್ಳುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಮನೆಯಲ್ಲಿ ಮಾಂಸ ತರುವುದಿಲ್ಲ ಎಂಬ ಕಾರಣಕ್ಕೆ ಅದನ್ನೂ ಮೊಸರನ್ನದಲ್ಲೇ ಸಾಕುತ್ತಿರುವವರು ಇದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ತಕರಾರಿಲ್ಲ. ಬೆಕ್ಕಿನ ಹೃದಯಕ್ಕೆ ಇದೆ. ಟಾರಿನ್ ಇರುವ ಸಿದ್ಧ ಆಹಾರವನ್ನಾದರೂ ಹಾಕಬೇಕು.

ಇನ್ನು ಬದುಕುವ ಮಾತು. ಈ ಕಾಯಿಲೆಯ ಜೊತೆಗಿನ ಸಂಸಾರದಲ್ಲಿ ಮನೆಯವರ ಕೈಯಲ್ಲಿರುವ ದೊಡ್ಡ ಆಯುಧಕ್ಕೆ ಕಾಸು ಖರ್ಚಿಲ್ಲ: ಬೆಕ್ಕು ಗಾಢವಾಗಿ ಮಲಗಿದಾಗ ಉಸಿರು ಎಣಿಸುವುದು. ಎದೆ ಮೇಲೇರಿ ಕೆಳಗಿಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ಆರೋಗ್ಯವಂತ ಬೆಕ್ಕು ನಿದ್ದೆಯಲ್ಲಿ ನಿಮಿಷಕ್ಕೆ ಇಪ್ಪತ್ತರ ಆಸುಪಾಸಿನಲ್ಲಿ ಉಸಿರಾಡುತ್ತದೆ. ಔಷಧಿಯಿಂದ ಹತೋಟಿಗೆ ಬಂದ ಬೆಕ್ಕಿನದ್ದೂ ಸಾಮಾನ್ಯವಾಗಿ ಮೂವತ್ತರ ಕೆಳಗೇ ಇರುತ್ತದೆ. ಶ್ವಾಸಕೋಶದಲ್ಲಿ ನೀರು ಸೇರತೊಡಗಿದರೆ ಬೆಕ್ಕು ಇನ್ನೂ ಉಣ್ಣುತ್ತಾ, ಬಾಲ ಎತ್ತಿಕೊಂಡು ಓಡಾಡುತ್ತಾ ಇರುವಾಗಲೇ ಈ ಲೆಕ್ಕ ಏರುತ್ತದೆ. ಮೂವತ್ತು ದಾಟಿ, ಒಂದೆರಡು ಗಂಟೆ ಬಿಟ್ಟು ಎಣಿಸಿದರೂ ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡುವ ಹೊತ್ತು. ಬೆಳಿಗ್ಗೆ ನೋಡೋಣ ಅನ್ನುವ ಹೊತ್ತಲ್ಲ.

ಎಣಿಸುವುದರಲ್ಲೂ ಒಂದಷ್ಟು ಸೂಕ್ಷ್ಮ ಇದೆ. ಗುರುಗುಟ್ಟುತ್ತಿರುವ ಬೆಕ್ಕಿನ ಎಣಿಕೆ ಲೆಕ್ಕಕ್ಕೆ ಬಾರದು. ಕನಸು ಕಾಣುತ್ತಾ ಮೀಸೆ, ಪಂಜ ಅಲುಗಿಸುತ್ತಿದ್ದರೂ ಅಷ್ಟೇ. ಆಗತಾನೆ ಆಡಿ ಬಂದು ಉರುಳಿದ್ದರೆ, ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಮೈಚಾಚಿ ಬಿದ್ದಿದ್ದರೆ ಸ್ವಲ್ಪ ಕಾಯಬೇಕು. ಒಂದು ದಿನದ ಸಂಖ್ಯೆಗಿಂತ ಅದು ದಿನದಿಂದ ದಿನಕ್ಕೆ ಹೋಗುತ್ತಿರುವ ದಿಕ್ಕು ದೊಡ್ಡದು. ಸದಾ ಹದಿನೆಂಟರಲ್ಲಿದ್ದ ಬೆಕ್ಕು ಇಪ್ಪತ್ತಾರಕ್ಕೆ ಬಂದರೆ ಮೂವತ್ತರ ಗೆರೆ ಮುಟ್ಟಿಲ್ಲವಾದರೂ ಏನೋ ನಡೆಯುತ್ತಿದೆ ಎಂದೇ ಅರ್ಥ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆದಿಡಬಹುದು. ಉಸಿರಾಟ ಸಂಶಯ ಹುಟ್ಟಿಸಿದರೆ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದಿಡಿ. ಆಸ್ಪತ್ರೆಯ ಮೇಜಿನ ಮೇಲೆ ಭಯದಿಂದ ಏದುಸಿರು ಬಿಡುವ ಬೆಕ್ಕಿಗಿಂತ ಆ ವಿಡಿಯೊದ ಬೆಕ್ಕು ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಆದರೆ ಎಣಿಕೆ ಒಂದು ಚಟವೂ ಆಗಬಲ್ಲದು. ರಾತ್ರಿ ಎರಡಕ್ಕೆ ಎದ್ದು ಎಣಿಸುವವರು, ಬೆಕ್ಕು ಮಗ್ಗುಲು ಬದಲಿಸಿದಾಗಲೆಲ್ಲ ಎಣಿಸುವವರು ಇದ್ದಾರೆ. ಹಾಗೆ ಕಾವಲು ಕೂತರೆ ಬೆಕ್ಕಿಗೂ ಅದು ತಿಳಿಯುತ್ತದೆ. ಸದಾ ದಿಟ್ಟಿಸುವ ಕಣ್ಣು ಬೆಕ್ಕಿನ ಲೋಕದಲ್ಲಿ ಬೆದರಿಕೆ. ಕಾಯಿಲೆ ಹತೋಟಿಯಲ್ಲಿದ್ದಾಗ ದಿನಕ್ಕೆ ಒಂದು ಸಲ ಎಣಿಸಿದರೆ ಸಾಕು; ಉಳಿದ ಹೊತ್ತು ಅದನ್ನು ಬೆಕ್ಕಾಗಿ ಇರಲು ಬಿಡಬೇಕು. ಹೀಗೆ ಬಿಡುವುದೇ ನನ್ನ ಪ್ರಕಾರ ಈ ಆರೈಕೆಯ ಕಷ್ಟದ ಭಾಗ.

ಸಂಖ್ಯೆ ಬೇಡದ ಗುರುತುಗಳೂ ಇವೆ. ಉಸಿರು ಕಟ್ಟುತ್ತಿರುವ ಬೆಕ್ಕು ಪಕ್ಕಕ್ಕೆ ಉರುಳಿ ಮಲಗುವುದಿಲ್ಲ. ಮೊಣಕೈಗಳನ್ನು ಅಗಲಿಸಿ, ಕತ್ತು ಮುಂದೆ ಚಾಚಿ, ಎದೆಯ ಮೇಲೆ ಭಾರ ಹಾಕಿ ಕೂತಿರುತ್ತದೆ. ಮಂಚದ ಕೆಳಗೋ ಬಟ್ಟೆಯ ಕಪಾಟಿನೊಳಗೋ ಹೋಗಿ ಸೇರುತ್ತದೆ. ಉಸಿರಾಡುವಾಗ ಹೊಟ್ಟೆ ಎದ್ದು ಕಾಣುವಂತೆ ಆಡುತ್ತದೆ. ಸುಮ್ಮನೆ ಕೂತ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಆಸ್ಪತ್ರೆಯಲ್ಲಿ ಮೊದಲು ಬೇಕಾದದ್ದು ಆಮ್ಲಜನಕ, ಎಕ್ಸ್‌ರೇ ಆಮೇಲೆ. ಎದೆಗೂಡಿನಲ್ಲಿ ನೀರು ತುಂಬಿದ್ದರೆ ಸೂಜಿ ಹಾಕಿ ಹೊರತೆಗೆಯುತ್ತಾರೆ. ಕೇಳಲು ಭಯಂಕರ ಅನ್ನಿಸಿದರೂ ಅಷ್ಟು ಬೇಗ ನೆಮ್ಮದಿ ಕೊಡುವ ಚಿಕಿತ್ಸೆ ಬೇರೊಂದಿಲ್ಲ. ಕೆಲವು ಬೆಕ್ಕುಗಳಿಗೆ ಕೆಲವು ವಾರಗಳಿಗೊಮ್ಮೆ ಇದನ್ನೇ ಮಾಡಿಸುತ್ತಾ ಇರಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಮಾತ್ರೆಗಳ ಪರ್ವ. ಮುಖ್ಯವಾದದ್ದು ನೀರು ಇಳಿಸುವ ಫ್ಯೂರೋಸೆಮೈಡ್, ಸಾಮಾನ್ಯವಾಗಿ ದಿನಕ್ಕೆರಡು ಸಲ. ಮನೆಯ ಹಿರಿಯರಿಗೆ ಕಾಲು ಊದಿಕೊಂಡಾಗ ಡಾಕ್ಟರು ಬರೆಯುವುದೂ ಅದನ್ನೇ. ಎಷ್ಟೋ ಮನೆಗಳಲ್ಲಿ ತಾತನ ಡಬ್ಬಿಯಲ್ಲೂ ಬೆಕ್ಕಿನ ಡಬ್ಬಿಯಲ್ಲೂ ಒಂದೇ ಸ್ಟ್ರಿಪ್ಪಿನ ಮಾತ್ರೆ ಇರುತ್ತದೆ. ತಾತನದ್ದು ಇಡಿಯದು, ಬೆಕ್ಕಿನದ್ದು ಚೂರು. ಇದನ್ನು ತೆಗೆದುಕೊಂಡ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಉಚ್ಚೆ ಹೊಯ್ಯುತ್ತದೆ. ಮರಳಿನ ಟ್ರೇ ಬೇಗ ಒದ್ದೆಯಾಯಿತೆಂದು ನೀರಿನ ಬಟ್ಟಲು ಎತ್ತಿಡುವುದು ದೊಡ್ಡ ತಪ್ಪು. ನೀರು ಯಾವಾಗಲೂ ಇರಬೇಕು, ಮೂತ್ರಪಿಂಡ ಹೇಗಿದೆ ಎಂದು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಹೃದಯಕ್ಕೆ ಒಳ್ಳೆಯದು ಮಾಡುವ ಈ ಮಾತ್ರೆ ಮೂತ್ರಪಿಂಡಕ್ಕೆ ಹೊರೆ. ಇವೆರಡರ ನಡುವೆ ಪ್ರಮಾಣವನ್ನು ಏರಿಸಿ ಇಳಿಸಿ ಕೊಂಡೊಯ್ಯುವುದರಲ್ಲೇ ವೈದ್ಯರ ಹೆಚ್ಚಿನ ಕೌಶಲ ಖರ್ಚಾಗುತ್ತದೆ.

ಎರಡನೆಯದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್. ಮನುಷ್ಯರಿಗೆ ಸಿಗುವ 75 ಮಿಲಿಗ್ರಾಮಿನ ಮಾತ್ರೆಯ ಕಾಲು ಭಾಗ ಬೆಕ್ಕಿಗೆ ಒಂದು ದಿನದ ರೂಢಿಯ ಪ್ರಮಾಣ. ಒಮ್ಮೆ ಹೆಪ್ಪು ಕಟ್ಟಿ ಬದುಕುಳಿದ ಬೆಕ್ಕುಗಳಿಗೆ ಇದನ್ನೂ ಆಸ್ಪಿರಿನ್ನನ್ನೂ ಕೊಟ್ಟು ಅಮೆರಿಕದಲ್ಲಿ ಹೋಲಿಸಿ ನೋಡಿದ್ದಾರೆ. 2015ರಲ್ಲಿ ಬಂದ ಆ ಫಲಿತಾಂಶದಲ್ಲಿ, ಮತ್ತೆ ಹೆಪ್ಪು ಕಟ್ಟುವುದಕ್ಕೆ ಆಸ್ಪಿರಿನ್ ಗುಂಪಿನಲ್ಲಿ ಹಿಡಿದ ಮಧ್ಯಮ ಕಾಲಾವಧಿ 192 ದಿನವಾದರೆ, ಕ್ಲೋಪಿಡೋಗ್ರೆಲ್ ಗುಂಪಿನಲ್ಲಿ 443 ದಿನ. ಒಂದು ಎಚ್ಚರಿಕೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಈ ಮಾತ್ರೆ ಆಸ್ಪಿರಿನ್ ಜೊತೆ ಬೆರೆಸಿದ್ದೂ ಸಿಗುತ್ತದೆ, ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವಷ್ಟೇ. ‘ಎರಡೂ ಒಂದೇ ಸಾರ್’ ಎಂದು ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ. ಸ್ಟ್ರಿಪ್ಪಿನ ಹಿಂದೆ ಬರೆದಿರುವುದನ್ನು ಓದಿ ತನ್ನಿ.

ಈ ಮಾತ್ರೆ ಮಹಾ ಕಹಿ. ಒಡೆದ ತುದಿ ನಾಲಿಗೆಗೆ ತಾಗಿದರೆ ಬೆಕ್ಕು ಬಾಯಿತುಂಬ ನೊರೆ ಬಿಟ್ಟುಕೊಂಡು ಮನೆಯೆಲ್ಲ ಸಿಡಿಸುತ್ತದೆ. ನೋಡಿದವರು ವಿಷ ತಿಂದಿದೆ ಎಂದೇ ಹೆದರುತ್ತಾರೆ. ಮೀನಿನ ತುಂಡಿನಲ್ಲಿ ಅಡಗಿಸಿಟ್ಟರೆ ಮೀನು ತಿಂದು ಮಾತ್ರೆ ಉಗಿಯುತ್ತದೆ, ಮರುದಿನದಿಂದ ಮೀನನ್ನೂ ಮುಟ್ಟುವುದಿಲ್ಲ. ಪುಡಿ ಮಾಡಿ ಹಾಲಿಗೆ ಬೆರೆಸಿದರಂತೂ ಹಾಲೂ ಮಾತ್ರೆಯೂ ಎರಡೂ ದಂಡ. ಕೆಲಸಕ್ಕೆ ಬರುವುದು ಖಾಲಿ ಕ್ಯಾಪ್ಸೂಲ್. ಅತಿ ಸಣ್ಣ ಅಳತೆಯ ಕ್ಯಾಪ್ಸೂಲಿನೊಳಗೆ ಅಂದಂದಿನ ಮಾತ್ರೆಗಳನ್ನು ಹಾಕಿ ಮುಚ್ಚಿ, ನಾಲಿಗೆಯ ಹಿಂಬದಿಗೆ ಬಿಟ್ಟು, ಮೇಲಿಂದ ಸಿರಿಂಜಿನಲ್ಲಿ ಒಂದಿಷ್ಟು ನೀರು ಬಿಟ್ಟರೆ ಗಂಟಲಿನಲ್ಲಿ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಹಿಡಿಯುವುದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಇನ್ನೊಂದು ಅನುಭವದ ಮಾತು: ಮಾತ್ರೆ ಕೊಡುವ ಜಾಗ ಬೇರೆ ಇರಲಿ, ಊಟದ ಜಾಗ ಬೇರೆ ಇರಲಿ, ಮುದ್ದು ಮಾಡುವ ಜಾಗ ಇನ್ನೂ ಬೇರೆ ಇರಲಿ. ಇಲ್ಲದಿದ್ದರೆ ಹದಿನೈದು ದಿನದಲ್ಲಿ ಬೆಕ್ಕು ನಿಮ್ಮ ಕೈ ಕಂಡರೇ ಓಡುತ್ತದೆ. ಆರು ತಿಂಗಳ ಆಯಸ್ಸು ಗಳಿಸಿ, ಆ ಆರು ತಿಂಗಳೂ ಅದು ಮಂಚದ ಕೆಳಗೇ ಕಳೆದರೆ ಗಳಿಸಿದ್ದು ಏನು? ಹತ್ತು ಮಾತ್ರೆಗಳ ಪಟ್ಟಿ ಕೊಟ್ಟರೆ ‘ಇದರಲ್ಲಿ ಬಿಡಲೇಬಾರದ್ದು ಯಾವುದು ಡಾಕ್ಟ್ರೇ?’ ಎಂದು ಕೇಳುವ ಹಕ್ಕು ನಿಮಗಿದೆ. ಒಳ್ಳೆಯ ವೈದ್ಯರು ಅದಕ್ಕೆ ಸಿಡುಕುವುದಿಲ್ಲ.

ಊಟದ ವಿಷಯದಲ್ಲಿ ನಿಯಮಕ್ಕಿಂತ ಹೊಂದಾಣಿಕೆ ಮೇಲು. ಉಪ್ಪು ಕಡಿಮೆ ಇರಬೇಕು ಎಂಬುದು ಸರಿ. ಕರಾವಳಿಯ ಮನೆಗಳಲ್ಲಿ ಬೆಕ್ಕಿಗೆ ಪ್ರಾಣವಾದ ಒಣಮೀನು ಈ ಬೆಕ್ಕಿಗೆ ಸಲ್ಲದು; ಹಸಿ ಮೀನನ್ನು ಉಪ್ಪಿಲ್ಲದೆ ಬೇಯಿಸಿ ಕೊಡಬಹುದು. ಆದರೆ ಪಥ್ಯದ ಹೆಸರಿನಲ್ಲಿ ದಿಢೀರನೆ ಎಲ್ಲ ಬದಲಿಸಿ, ಬೆಕ್ಕು ಎರಡು ಮೂರು ದಿನ ಬಟ್ಟಲು ಮುಟ್ಟದಿದ್ದರೆ ಅದು ಹೃದಯಕ್ಕಿಂತ ಮೊದಲು ಯಕೃತ್ತಿಗೆ ಅಪಾಯ, ದಪ್ಪ ಬೆಕ್ಕಿಗಂತೂ ಇನ್ನೂ ಹೆಚ್ಚು. ತಿನ್ನದ ಪಥ್ಯಕ್ಕಿಂತ ತಿನ್ನುವ ಅಪಥ್ಯವೇ ವಾಸಿ ಅನ್ನುವ ದಿನಗಳು ಈ ಕಾಯಿಲೆಯಲ್ಲಿ ಬರುತ್ತವೆ.

ಒಳ್ಳೆಯ ಉದ್ದೇಶದಿಂದಲೇ ಆಗುವ ಅನಾಹುತಗಳೂ ಇವೆ. ಸುಸ್ತಾದ ಯಾರನ್ನೇ ಆಸ್ಪತ್ರೆಗೆ ಕರೆದೊಯ್ದರೂ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿ’ ಎಂದು ಕೇಳುವುದು ನಮ್ಮಲ್ಲಿ ರೂಢಿ. ಬೆಕ್ಕಿಗೂ ಕೇಳುತ್ತೇವೆ. ತುಂಬಿಸಿಕೊಳ್ಳಲಾರದ ಹೃದಯಕ್ಕೆ ನರದ ಮೂಲಕ ದ್ರವ ಏರಿಸಿದರೆ ಅದು ಸೀದಾ ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ಕೆಲವು ಬೆಕ್ಕುಗಳಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಆದ ಕೆಲವು ದಿನಕ್ಕೆ ಹೃದಯ ವೈಫಲ್ಯ ಕಾಣಿಸಿಕೊಂಡದ್ದಿದೆ. ಸಂತಾನಹರಣವೋ ಹಲ್ಲಿನ ಶುಚಿಯೋ ಮಾಡಿಸುವಾಗ ಕೊಡುವ ಅರಿವಳಿಕೆಯಲ್ಲಿ, ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಕಾಯಿಲೆ ಬಯಲಾಗುವುದೂ ಉಂಟು. ಹಾಗಾಗಿ ಬೇರೆ ಯಾವ ಕಾರಣಕ್ಕೆ ಯಾವ ವೈದ್ಯರ ಬಳಿ ಹೋದರೂ ‘ಇದಕ್ಕೆ ಹಾರ್ಟ್ ಪ್ರಾಬ್ಲಂ ಇದೆ’ ಎಂಬುದು ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯವಾಗಿರಲಿ.

ಭಯ ಕೂಡ ಒಂದು ದ್ರವದ ಹಾಗೆಯೇ ಒಳಗೆ ತುಂಬುತ್ತದೆ. ದೀಪಾವಳಿಯ ಮೂರು ರಾತ್ರಿಗಳು ಇಂಥ ಬೆಕ್ಕಿರುವ ಮನೆಗೆ ಅಗ್ನಿಪರೀಕ್ಷೆ. ಪಟಾಕಿ ಸದ್ದು ಕಡಿಮೆ ಬರುವ ಒಳಕೋಣೆಯಲ್ಲಿ ಅದರ ಬುಟ್ಟಿ, ನೀರು, ಟ್ರೇ ಇಟ್ಟು, ಫ್ಯಾನೋ ರೇಡಿಯೋವೋ ಓಡುತ್ತಿರುವಂತೆ ಮಾಡಿ, ಬಾಗಿಲು ಹಾಕಿಬಿಡುವುದು ಮೇಲು. ಭಯ ತಗ್ಗಿಸುವ ಮಾತ್ರೆ ಬೇಕೇ ಎಂಬುದನ್ನು ಹಬ್ಬಕ್ಕೆ ವಾರ ಮೊದಲೇ ವೈದ್ಯರ ಹತ್ತಿರ ಮಾತಾಡಿಕೊಳ್ಳಬೇಕು. ಆಸ್ಪತ್ರೆಗೆ ಒಯ್ಯುವ ಬುಟ್ಟಿಯನ್ನು ಅಟ್ಟದ ಮೇಲಿಡದೆ ವರ್ಷಪೂರ್ತಿ ನೆಲದ ಮೇಲೆ, ಹಳೆಯ ಸೀರೆ ಹಾಸಿ ತೆರೆದಿಟ್ಟರೆ ಬೆಕ್ಕು ಅದನ್ನು ತನ್ನದೇ ಮನೆ ಮಾಡಿಕೊಳ್ಳುತ್ತದೆ. ಹೊರಡುವ ದಿನ ಅಟ್ಟಿಸಿಕೊಂಡು ಹಿಡಿಯುವ ಕೆಲಸ ತಪ್ಪುತ್ತದೆ.

ಈಗ ಹೇಳುವುದಕ್ಕೆ ಮನಸ್ಸಿಲ್ಲದ ಭಾಗ. ಹಿಗ್ಗಿದ ಹೃತ್ಕರ್ಣದಲ್ಲಿ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಕಳಚಿ ಮಹಾಪಧಮನಿಯಲ್ಲಿ ಹರಿದು, ಆ ನಾಳ ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಯಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಎಳೆಯತೊಡಗುತ್ತದೆ. ಬಹಳ ಜನ ‘ಯಾವುದೋ ಗಾಡಿ ತಾಗಿದೆ’, ‘ಯಾರೋ ಹೊಡೆದಿದ್ದಾರೆ’ ಅಂದುಕೊಂಡು ಮೂಳೆ ಮುರಿತಕ್ಕೆ ಹೊತ್ತು ಕಳೆಯುತ್ತಾರೆ. ಮುಟ್ಟಿ ನೋಡಿ: ಹಿಂಗಾಲಿನ ಪಂಜ ಮುಂಗಾಲಿಗಿಂತ ತಣ್ಣಗಿದ್ದರೆ, ಪಾದದ ಮೆತ್ತೆ ಬಿಳಿಚಿಯೋ ನೀಲಿಗಟ್ಟಿಯೋ ಇದ್ದರೆ ಇದು ಹೆಪ್ಪು. ಉಜ್ಜಬೇಡಿ, ಬಿಸಿನೀರಿನ ಚೀಲ ಇಡಬೇಡಿ. ನೋವಿಗೆಂದು ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಲೇಬೇಡಿ. ಪ್ಯಾರಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದೇ ಮಾತ್ರೆ ಕೊಲ್ಲಬಲ್ಲದು. ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದದ್ದು ಬಲವಾದ ನೋವುನಿವಾರಕ. ಒಂದೇ ಕಾಲಿಗೆ ತಗುಲಿದ್ದರೆ, ಮೈಯ ಬಿಸಿ ಉಳಿದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಎರಡೂ ಕಾಲು ಹೋಗಿ ಮೈ ತಣ್ಣಗಾಗಿದ್ದರೆ, ಚಿಕಿತ್ಸೆ ಕೊಟ್ಟರೂ ಮನೆಗೆ ಮರಳುವ ಬೆಕ್ಕುಗಳು ಕಡಿಮೆ.

ಹೊಸ ಔಷಧಿ ಏನಾದರೂ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಒಂದು ಇದೆ, ಅದರ ಹಿಂದೊಂದು ಕಥೆಯೂ ಇದೆ. 1964ರಲ್ಲಿ ಕೆನಡಾದ ತಂಡವೊಂದು ಶಾಂತಸಾಗರದ ಈಸ್ಟರ್ ದ್ವೀಪಕ್ಕೆ ಹೋಗಿ ಅಲ್ಲಿನ ಮಣ್ಣು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ರ್‍ಯಾಪಮೈಸಿನ್ ಎಂಬ ವಸ್ತುವನ್ನು ಮಾಂಟ್ರಿಯಲ್‌ನ ಪ್ರಯೋಗಾಲಯದಲ್ಲಿ ಬೇರ್ಪಡಿಸಿದವರು ಸುರೇನ್ ಸೆಹಗಲ್, ಅವಿಭಜಿತ ಪಂಜಾಬಿನಲ್ಲಿ ಹುಟ್ಟಿ ಬನಾರಸಿನಲ್ಲಿ ಓದಿದ ವಿಜ್ಞಾನಿ. ಅವರಿದ್ದ ಔಷಧಿ ಕಂಪನಿ ಆ ಕೆಲಸವನ್ನು ನಿಲ್ಲಿಸಿದಾಗ ಅವರು ಸೂಕ್ಷ್ಮಜೀವಿಯ ಮಾದರಿಯನ್ನು ಮನೆಯ ಫ್ರೀಜರಿನಲ್ಲಿ ಕಾಪಾಡಿಕೊಂಡರು. 1999ರಲ್ಲಿ ಅದು ಮೂತ್ರಪಿಂಡ ಕಸಿಯಾದವರಿಗೆ ಔಷಧಿಯಾಯಿತು. 2025ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅದೇ ವಸ್ತುವಿನ, ವಾರಕ್ಕೊಮ್ಮೆ ಕೊಡುವ ಮಾತ್ರೆಗೆ ಎಚ್‌ಸಿಎಂ ಇದ್ದೂ ಲಕ್ಷಣ ಕಾಣದ ಬೆಕ್ಕುಗಳಿಗಾಗಿ ಷರತ್ತಿನ ಅನುಮತಿ ಕೊಟ್ಟಿತು. ಹಿಂದಿನ ಮಾತ್ರೆಗಳೆಲ್ಲ ಕಾಯಿಲೆಯ ಪರಿಣಾಮವನ್ನು ಸಂಭಾಳಿಸುವಂಥವು. ಇದು ಗೋಡೆ ದಪ್ಪವಾಗುವುದನ್ನೇ ತಡೆಯಲು ಹೊರಟದ್ದು. ಷರತ್ತು ಎಂಬ ಪದವನ್ನು ಮರೆಯಬಾರದು, ಪೂರ್ಣ ಪುರಾವೆ ಇನ್ನೂ ಬರಬೇಕಿದೆ. ಮನುಷ್ಯರಿಗೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಅದೇ ಹೆಸರಿನ ಮಾತ್ರೆಯನ್ನು ಮುರಿದು ಕೊಡುವ ಸಾಹಸವಂತೂ ಬೇಡ.

‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬಹಳ ಅಗಲವಾದದ್ದು. ಹೃದಯ ಸೋತ ಮೇಲೆ ಕೆಲವು ವಾರ ಬದುಕಿದವೂ ಇವೆ, ಎರಡು ಮೂರು ವರ್ಷ ಬದುಕಿದವೂ ಇವೆ. ದಯಾಮರಣದ ಮಾತು ನಮ್ಮಲ್ಲಿ ಅನೇಕರಿಗೆ ಪಾಪದ ಮಾತು. ಸಾಕಿದ ಕೈಯಿಂದಲೇ ಹೇಗೆ ಎಂದು ಕೇಳುತ್ತಾರೆ. ಆ ಹಿಂಜರಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಮತ್ತೆ ಮತ್ತೆ ಉಸಿರು ಕಟ್ಟಿ, ನೀರು ತೆಗೆಸಿದ ಎರಡೇ ದಿನಕ್ಕೆ ತುಂಬಿಕೊಂಡು, ಉಣ್ಣದೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟ ಬೆಕ್ಕು ಮುಳುಗುವವರ ಯಾತನೆಯನ್ನೇ ಪಡುತ್ತಿರುತ್ತದೆ. ಅದನ್ನು ವಿಧಿಗೆ ಬಿಡುವುದು ಪುಣ್ಯವೆಂದು ಒಪ್ಪಲು ನನಗಾಗದು.

ಈ ತೀರ್ಮಾನವನ್ನು ರಾತ್ರಿ ಒಂದು ಗಂಟೆಗೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮಾಡಬಾರದು. ಬೆಕ್ಕು ಚೆನ್ನಾಗಿರುವ ಒಂದು ಭಾನುವಾರ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು: ಎಲ್ಲಿಯವರೆಗೆ, ಎಷ್ಟು ಖರ್ಚಿನವರೆಗೆ, ಯಾವ ಸ್ಥಿತಿ ಬಂದರೆ ಸಾಕು. ಮಕ್ಕಳಿದ್ದರೆ ಅವರೂ ಕೇಳಿಸಿಕೊಳ್ಳಲಿ. ಮಾತಾಡಿಯಾದ ಮೇಲೆ ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ರಾತ್ರಿಯೂ ತೆರೆದಿರುವ, ಆಮ್ಲಜನಕ ಇದೆಯೆಂದು ಮೊದಲೇ ವಿಚಾರಿಸಿಟ್ಟುಕೊಂಡ ಆಸ್ಪತ್ರೆಯ ನಂಬರು. ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು. ಗ್ಲೂಕೋಸ್ ಮತ್ತು ಸ್ಟಿರಾಯ್ಡ್ ಕೊಡುವ ಮೊದಲು ನಮ್ಮನ್ನು ಕೇಳಿ ಎಂಬ ಒಂದು ಸಾಲು. ಮಲಗಿದಾಗಿನ ರೂಢಿಯ ಉಸಿರು ಎಷ್ಟೆಂಬುದು. ಫೋನ್ ಸಿಗದಿದ್ದರೆ ನಮ್ಮ ಪರವಾಗಿ ಒಪ್ಪಿಗೆ ಕೊಡುವವರು ಯಾರೆಂಬುದು. ಮದುವೆಗೋ ತಿಥಿಗೋ ನೀವು ಊರಿಗೆ ಹೋದಾಗ ಬೆಕ್ಕಿನ ಮೇಲೆ ಕಣ್ಣಿಟ್ಟಿರುವ ಪಕ್ಕದ ಮನೆಯವರಿಗೆ ಬೀಗದ ಕೈ ಜೊತೆ ಆ ಚೀಟಿಯನ್ನೂ ತೋರಿಸಿ, ಉಸಿರು ಎಣಿಸುವುದನ್ನು ಒಂದು ಸಲ ಎದುರಿಗೇ ಮಾಡಿಸಿ ಹೋಗಿ.